ತಪಾಸಣೆ ಗೋಡೆಯನ್ನಷ್ಟೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಚಿಕಿತ್ಸಾಲಯದ ತಪಾಸಣೆಯೆಂದರೆ ನೋಂದಣಿ ಪತ್ರವನ್ನು ಗೋಡೆಗೆ ತೂಗುಹಾಕಿದ್ದಾರೆಯೇ, ನೆಲ ಸ್ವಚ್ಛವಾಗಿದೆಯೇ, ಬೆಂಕಿ ಆರಿಸುವ ಸಾಧನ ಇದೆಯೇ ಎಂದು ನೋಡಿ ಸಹಿ ಹಾಕುವುದು ಎಂಬ ಭಾವನೆ ಜನರಲ್ಲಿದೆ. ತಪಾಸಣೆಗೆ ಬರುವ ಕೆಲವರಲ್ಲೂ ಇದೆ. ಇವೆಲ್ಲ ಬೇಕಾದವುಗಳೇ. ಆದರೆ ರೋಗಿಗೆ ಹಾನಿ ಮಾಡುವ ಲೋಪಗಳಲ್ಲಿ ಹೆಚ್ಚಿನವು ಒಮ್ಮೆ ಸುತ್ತಿ ಬಂದರೆ ಕಣ್ಣಿಗೆ ಬೀಳುವಂಥವಲ್ಲ. ಬಹಳ ವರ್ಷ ಚುಚ್ಚುಮದ್ದಿನ ಕೊಠಡಿಯಲ್ಲಿ ದುಡಿದು ನಿವೃತ್ತಳಾದ ಶುಶ್ರೂಷಕಿಯಾಗಿ ಈ ಕುರಿತು ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಲಸಿಕೆ ಇಡುವ ಫ್ರಿಜ್ಜನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿ ತಗುಲಿದರೆ ಕೆಡುತ್ತವೆ ಎಂಬುದು ಎಲ್ಲರಿಗೂ ಗೊತ್ತು; ಧನುರ್ವಾಯು, ಹೆಪಟೈಟಿಸ್ ಬಿ ಮುಂತಾದ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ಹೆಪ್ಪುಗಟ್ಟಿ ಮತ್ತೆ ಕರಗಿದ ಸೀಸೆ ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣಬಹುದು. ಆದ್ದರಿಂದ ತಪಾಸಕರು ಅಂದಿನ ಉಷ್ಣತೆಯನ್ನಷ್ಟೇ ಓದದೆ, ಹಿಂದಿನ ದಿನಗಳ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಯ ದಾಖಲೆ ಪುಸ್ತಕವನ್ನು ತೆರೆಸಬೇಕು. ತಿಂಗಳ ಪ್ರತಿದಿನವೂ ಒಂದೇ ಅಂಕಿ, ಒಂದೇ ಶಾಯಿ, ಒಂದೇ ಕೈಬರಹವಿದ್ದರೆ ಆ ಪುಟವನ್ನು ಒಂದೇ ಬಾರಿಗೆ ಕುಳಿತು ತುಂಬಿಸಿದ್ದಾರೆ ಎಂದು ಅನುಮಾನಿಸಬೇಕಾಗುತ್ತದೆ.

ಉಪಕರಣಗಳನ್ನು ಹಬೆಯ ಶಾಖದಿಂದ ಕ್ರಿಮಿಮುಕ್ತಗೊಳಿಸುವ ಆಟೋಕ್ಲೇವ್ ಯಂತ್ರದ ವಿಷಯವೂ ಹೀಗೆಯೇ. ಪೊಟ್ಟಣದ ಮೇಲೆ ಅಂಟಿಸಿದ ಪಟ್ಟಿಯ ಬಣ್ಣ ಬದಲಾದರೆ ಹೊರಮೈಗೆ ಶಾಖ ತಾಗಿದೆ ಎಂದಷ್ಟೇ ತಿಳಿಯುತ್ತದೆ. ಒಳಗಿನ ಉಪಕರಣ ಕ್ರಿಮಿಮುಕ್ತವಾಗಿದೆ ಎಂದು ಅದರಿಂದ ಹೇಳಲಾಗದು. ಸೂಜಿ ಹಾಕುವ ಡಬ್ಬಿ ಮುಕ್ಕಾಲು ತುಂಬಿದೊಡನೆ ಬದಲಾಗುತ್ತಿದೆಯೇ, ತುರ್ತು ಪೆಟ್ಟಿಗೆಯಲ್ಲಿರುವ, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಔಷಧಿಯ ಅವಧಿ ಮುಗಿದಿಲ್ಲವೇ ಎಂಬುದನ್ನು ನೋಡಲು ಎರಡು ನಿಮಿಷ ಸಾಕು. ಆದರೆ ಚುಚ್ಚುಮದ್ದು ಪಡೆದವರು ಅಲರ್ಜಿಯಿಂದ ಕುಸಿದುಬಿದ್ದರೆ ಆ ಪೆಟ್ಟಿಗೆ ಎಲ್ಲಿದೆ ಎಂದು ಸ್ವಾಗತ ಮೇಜಿನಲ್ಲಿ ಕುಳಿತವರನ್ನೂ ಕೇಳಿ ನೋಡಬೇಕು.

ನನ್ನ ಅನುಭವದಲ್ಲಿ ಇವೆಲ್ಲಕ್ಕಿಂತ ದೊಡ್ಡ ಅಪಾಯ ಅಡಗಿರುವುದು ಕಾಗದಗಳಲ್ಲಿ. ನನ್ನ ಬಂಧುವೊಬ್ಬರ ರಕ್ತ ಪರೀಕ್ಷೆಯ ವರದಿ ಚಿಕಿತ್ಸಾಲಯಕ್ಕೆ ಸಕಾಲದಲ್ಲಿಯೇ ಬಂದಿತ್ತು, ಅವರ ಫೈಲಿಗೂ ಸೇರಿತ್ತು. ಆದರೆ ಮೂರು ವಾರ ಅದನ್ನು ಯಾರೂ ಓದಿರಲಿಲ್ಲ. ವೈದ್ಯರು ನೋಡಿರಬೇಕೆಂದು ಸಿಬ್ಬಂದಿ, ಏರುಪೇರಿದ್ದರೆ ಸಿಬ್ಬಂದಿ ತಿಳಿಸುತ್ತಾರೆಂದು ವೈದ್ಯರು, ಕರೆ ಬರಲಿಲ್ಲವೆಂದರೆ ಎಲ್ಲ ಸರಿಯಿದೆಯೆಂದು ರೋಗಿ, ಹೀಗೆ ಮೂವರೂ ನೆಮ್ಮದಿಯಿಂದಿದ್ದರು. ಅಲ್ಲಿನ ವೈದ್ಯರು ಅಸಡ್ಡೆಯವರಲ್ಲ. ಬಂದ ವರದಿಯನ್ನು ಯಾರು, ಯಾವಾಗ ನೋಡಬೇಕೆಂಬ ನಿಯಮವೇ ಅಲ್ಲಿರಲಿಲ್ಲ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯ ವಿಷಯದಲ್ಲಿ ಇಂಥ ಸಡಿಲತೆ ಪ್ರಾಣಕ್ಕೇ ಎರವಾಗಬಹುದು. ವಾರಕ್ಕೊಮ್ಮೆ ನುಂಗಬೇಕಾದ ಅದನ್ನು ತಪ್ಪಿ ದಿನವೂ ನುಂಗಿದವರು ಸತ್ತಿರುವ ಪ್ರಸಂಗಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಸರಿಯಾಗಿ ನುಂಗುವವರಿಗೂ ಕಾಲಕಾಲಕ್ಕೆ ರಕ್ತ ಪರೀಕ್ಷೆ ಆಗಲೇಬೇಕು.

ಆದ್ದರಿಂದ ತಪಾಸಕರು ಇಂಥ ಔಷಧಿ ಪಡೆಯುತ್ತಿರುವ ಹತ್ತು ಮಂದಿಯ ದಾಖಲೆಗಳನ್ನು ತಾವೇ ಆರಿಸಿಕೊಂಡು, ಚೀಟಿ ಬರೆದ ದಿನದಿಂದ ಪರೀಕ್ಷೆ, ವರದಿ, ವರದಿ ಓದಿದವರ ಸಹಿ, ರೋಗಿಗೆ ತಿಳಿಸಿದ ದಿನಾಂಕದವರೆಗೆ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿದರೆ, ನೂರು ಅಂಶಗಳ ನಮೂನೆ ತುಂಬಿಸುವುದಕ್ಕಿಂತ ಹೆಚ್ಚಿನ ಸತ್ಯ ಹೊರಬೀಳುತ್ತದೆ. ಚಿಕಿತ್ಸಾಲಯದವರೇ ಆರಿಸಿಕೊಟ್ಟ ಹತ್ತು ಫೈಲುಗಳಿಂದ ಪ್ರಯೋಜನವಿಲ್ಲ. ಮುಂಚಿತವಾಗಿ ದಿನ ಗೊತ್ತುಪಡಿಸಿ ಬರುವ ತಪಾಸಣೆಗೆ ನಾವು ಹೇಗೆ ಸಿದ್ಧರಾಗುತ್ತಿದ್ದೆವು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಆ ಒಂದು ದಿನ ಎಲ್ಲರೂ ಕೈ ತೊಳೆದದ್ದೇ ತೊಳೆದದ್ದು.

ತಪ್ಪುಗಳ ದಾಖಲೆ ಪುಸ್ತಕದ ಬಗ್ಗೆಯೂ ಒಂದು ಮಾತು. ಅದು ಖಾಲಿ ಇದ್ದರೆ ತಪಾಸಕರು ಮೆಚ್ಚುವುದಲ್ಲ, ಚಿಂತಿಸಬೇಕು. ವರ್ಷವಿಡೀ ಸಾವಿರಾರು ರೋಗಿಗಳನ್ನು ನೋಡುವ ಕಡೆ ಒಂದೇ ಹೆಸರಿನ ಇಬ್ಬರ ಚೀಟಿ ಅದಲುಬದಲಾಗದೆ ಇರುವುದು ಅಪರೂಪ. ಬರೆದವರಿಗೆ ಶಿಕ್ಷೆ ಎಂದಾದರೆ ಯಾರೂ ಬರೆಯುವುದಿಲ್ಲ, ಬರೆಯದಿದ್ದರೆ ಅದೇ ತಪ್ಪು ಮತ್ತೊಬ್ಬರ ಕೈಯಿಂದ ಮತ್ತೆ ಆಗುತ್ತದೆ.

ಇಂಗ್ಲೆಂಡಿನಲ್ಲಿ 2009ರಿಂದ ಕಾರ್ಯನಿರ್ವಹಿಸುತ್ತಿರುವ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಇಂಥ ಚಿಕಿತ್ಸಾಲಯಗಳನ್ನು ಪರಿಶೀಲಿಸಿ, ನಾಲ್ಕು ದರ್ಜೆಗಳಲ್ಲಿ ಒಂದನ್ನು ನೀಡಿ, ವರದಿಯನ್ನು ಸಾರ್ವಜನಿಕರ ಮುಂದಿಡುತ್ತದೆ. ದೊರೆತ ದರ್ಜೆಯನ್ನು ರೋಗಿಗಳಿಗೆ ಕಾಣುವಂತೆ ಪ್ರದರ್ಶಿಸುವುದು ಅಲ್ಲಿ ಕಡ್ಡಾಯ. ಒಂದೇ ಪದದ ದರ್ಜೆಯಿಂದ ಎಲ್ಲವೂ ತಿಳಿಯುತ್ತದೆಂದು ನಾನು ನಂಬುವುದಿಲ್ಲ. ಆದರೆ ವರದಿ ಅಧಿಕಾರಿಗಳ ಕಪಾಟಿನಲ್ಲಿ ಉಳಿಯದೆ ಚಿಕಿತ್ಸೆಗೆ ಬರುವವರ ಕೈಗೆ ಸಿಗುತ್ತದೆ ಎಂಬ ಅಂಶ ಅನುಕರಣೀಯ. ತಪಾಸಣೆಯ ಹೊಣೆ ಹೊತ್ತವರು ಎಲ್ಲೇ ಇರಲಿ, ಕಂಡ ಲೋಪ, ಅದನ್ನು ಸರಿಪಡಿಸಲು ಕೊಟ್ಟ ಗಡುವು ಮತ್ತು ಮರುಭೇಟಿಯಲ್ಲಿ ಕಂಡದ್ದು, ಈ ಮೂರನ್ನೂ ಸರಳ ಭಾಷೆಯಲ್ಲಿ ಬರೆದು ನೋಂದಣಿ ಪತ್ರದ ಪಕ್ಕದಲ್ಲೇ ತೂಗುಹಾಕಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ