ಮಗಳಿಗೊಂದು ಪತ್ರ: ‘ಅವರು’ ಅಂದರೆ ಯಾರು?

ಪ್ರೀತಿಯ ಮಗಳೇ,

“ಅಮ್ಮಾ, ಕನ್ನಡ ನನ್ನನ್ನ ಕಾಪಾಡ್ತಿದೆ. ಆಫೀಸಲ್ಲಿ ಅವಳ ಮಾತು ಬಂದಾಗೆಲ್ಲ ‘ಅವರು’ ಅಂತೀನಿ, ‘ನಮ್ಮ ಮನೆಯವರು’ ಅಂತೀನಿ. ಗಂಡ ಅಂದ್ಕೋತಾರೆ” ಅಂತ ನಿನ್ನೆ ಫೋನಿನಲ್ಲಿ ನಕ್ಕೆಯಲ್ಲ, ನಾನೂ ನಕ್ಕೆ. ಆಮೇಲೆ ಸಂಕಟವಾಯಿತು. ನಿನ್ನ ಸಂಗಾತಿ ಅವಳು; ಆದರೂ ಅವಳ ಆಪರೇಷನ್ ದಿನ ನೀನು ನಿನಗೇ ಜ್ವರ ಅಂತ ರಜೆ ಹಾಕಿ ಆಸ್ಪತ್ರೆ ಕಾರಿಡಾರಿನಲ್ಲಿ ಕೂತಿದ್ದೆ. ಬಾಸ್ ಫೋನ್ ಮಾಡಿದಾಗ ಇಲ್ಲದ ಕೆಮ್ಮು ಕೆಮ್ಮಿದೆ.

ನಿನ್ನ ಬಾಸ್ ಕೆಟ್ಟವರಲ್ಲ ಅಂತೀಯ. ಇರಬಹುದು. ನಾನೂ ಕೆಟ್ಟವಳಾಗಿರಲಿಲ್ಲ. ಮಗುವಿಗೆ ಜ್ವರವಾ, ಹೊರಡಿ. ಹೆಂಡತಿಗೆ ಹೆರಿಗೆಯಾ, ಹೊರಡಿ. ರಜೆ ಕೊಡೋದರಲ್ಲಿ ಧಾರಾಳಿ ಅಂತ ಹೆಸರಿತ್ತು ನನಗೆ. ಕೈಕೆಳಗೆ ಒಬ್ಬ ಹುಡುಗನಿದ್ದ, ಏನೂ ಕೇಳದವನು. ಒಮ್ಮೆ ಮಾತ್ರ ಮೂರು ದಿನ ರಜೆ ಕೇಳಿದ. ಕಾರಣ: ‘ಸ್ನೇಹಿತನಿಗೆ ಹುಷಾರಿಲ್ಲ’. “ಸ್ನೇಹಿತನಿಗೆ ಮೂರು ದಿನವಾ? ಅವನ ಮನೆಯವರಿಲ್ವಾ?” ಅಂದೆ. ಅರ್ಜಿಯನ್ನು ವಾಪಸ್ ತಗೊಂಡ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಆ ‘ಮನೆಯವರು’ ಅವನೇ ಇದ್ದಿರಬೇಕು ಅಂತ ನನಗೆ ಹೊಳೆದದ್ದು ನೀನು ನಿನ್ನ ವಿಷಯ ಹೇಳಿದ ರಾತ್ರಿ. ಅಷ್ಟರಲ್ಲಿ ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆಸ್ಲಿ ಹ್ಯಾಮರ್ ಮತ್ತು ಸಂಗಡಿಗರು 2009ರಲ್ಲಿ ಮೇಲಧಿಕಾರಿಯ ಬೆಂಬಲವನ್ನು ನಾಲ್ಕಾಗಿ ಬಿಡಿಸಿದ್ದಾರೆ: ಮನೆಯ ಕಷ್ಟಕ್ಕೆ ಕಿವಿಗೊಡೋದು, ರಜೆ-ವೇಳೆ ಹೊಂದಿಸಿಕೊಡೋದು, ತಾನೇ ಹಾಗೆ ಬದುಕಿ ತೋರಿಸೋದು, ಎಲ್ಲರಿಗೂ ಒಗ್ಗುವಂತೆ ಕೆಲಸವನ್ನೇ ಹೊಸದಾಗಿ ಜೋಡಿಸೋದು. ಎರಡನೆಯದರಲ್ಲಿ ನಾನು ಪಾಸು, ಮೊದಲನೆಯದರಲ್ಲಿ ಪೂರ್ತಿ ಫೇಲು. ಮೊದಲನೆಯದು ಇಲ್ಲದಿದ್ದರೆ ನಿಮ್ಮಂಥವರಿಗೆ ಎರಡನೆಯದು ದಕ್ಕುವುದೇ ಇಲ್ಲ; ಬಾಯಿ ಬಿಟ್ಟರೆ ತಾನೆ ರಜೆ?

ಕೆಲಸ ಇಷ್ಟ, ಸಂಬಳವೂ ಸಾಕು, ಆದರೂ ಭಾನುವಾರ ಸಂಜೆ ಹೊಟ್ಟೆ ತೊಳಸುತ್ತೆ ಅಂತೀಯ. ಸೋಮವಾರ ಯಾರಾದರೂ “ರಜೆ ಹೇಗಿತ್ತು?” ಅಂದರೆ ಏನು ಹೇಳಬೇಕು ಅಂತ ಮೊದಲೇ ಹೊಂದಿಸಿಟ್ಟುಕೊಳ್ಳಬೇಕಲ್ಲ. 2003ರಲ್ಲಿ ಸಂಶೋಧಕ ಇಲಾನ್ ಮೇಯರ್ ಸಲಿಂಗ ಪ್ರೇಮಿಗಳಂಥ ಅಲ್ಪಸಂಖ್ಯಾತರ ಒತ್ತಡದ ಬಗ್ಗೆ ಬರೆದಾಗ ಈ ಮುಚ್ಚಿಡುವ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿದರು. ಅದಕ್ಕೆ ಸಂಬಳ ಕೊಡೋರಿಲ್ಲ.

ಹೋಗಿ ಹೇಳಿಬಿಡು ಅನ್ನುತ್ತಿಲ್ಲ. ಹೆಚ್ಚುಕಮ್ಮಿಯಾದರೆ ಅನುಭವಿಸುವವಳು ನೀನು. ಮುಂದಿನ ತಿಂಗಳು ನಿನ್ನ ಕೈಕೆಳಗೂ ಆರು ಜನ ಬರ್ತಾರಂತಲ್ಲ. ಯಾರಾದರೂ ‘ಸ್ನೇಹಿತ’ ಅಂತ ಬರೆದು ತಂದರೆ ಸಹಿ ಹಾಕು, ಯಾರು ಏನು ಅಂತ ಕೇಳಬೇಡ.

ಗುರುವಾರ ಅವಳ ಹೊಲಿಗೆ ಬಿಚ್ಚುತ್ತಾರೆ ಅಂದೆಯಲ್ಲ, ಅವತ್ತು ನೀನು ಕೆಮ್ಮೋದು ಬೇಡ. ನಾನು ಕರ್ಕೊಂಡು ಹೋಗ್ತೀನಿ.

ನಿನ್ನ
ಅಮ್ಮ