ಆ ಕಟ್ ಡೈರೆಕ್ಟರದ್ದಲ್ಲ, ಪುಟ್ಟಿ

ಕಡೂರು
ಭಾನುವಾರ ಮಧ್ಯಾಹ್ನ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮತ್ತೆಯ ಮಂಡಿನೋವು ಹಾಗೇ ಇದೆ. ಹಿತ್ತಲಿನ ನುಗ್ಗೆಮರ ಗಾಳಿಗೆ ಬಿತ್ತು. ಬೇರೆ ವಿಶೇಷ ಏನಿಲ್ಲ.

ಹೋದ ವಾರ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. ಈಗ ಯಾರೂ ಮಾತಾಡದ ಹಳೇ ಕನ್ನಡ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡುತ್ತಿದ್ದೀಯಂತೆ, ಸಂತೋಷ. ಆದರೆ ಕೊನೆಯಲ್ಲಿ ಒಂದು ಮಾತು ಅಂದೆ ನೋಡು: "ಮಾವ, ಸಿನಿಮಾ ಅಲ್ಲಲ್ಲಿ ಎಗರುತ್ತೆ. ಅಡುಗೆಮನೇಲಿ ಮಾತಾಡ್ತಾ ಇರೋಳು ಇದ್ದಕ್ಕಿದ್ದ ಹಾಗೆ ಬಸ್ಸಲ್ಲಿರ್ತಾಳೆ. ಆಗಿನೋರಿಗೆ ಎಡಿಟಿಂಗೇ ಬರ್ತಿರ್ಲಿಲ್ವಾ?" ಇದಕ್ಕೆ ಫೋನಿನಲ್ಲಿ ಉತ್ತರ ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಎಡಿಟಿಂಗ್ ಬರುತ್ತಿತ್ತು ಪುಟ್ಟಿ. ಅವಳನ್ನು ಅಡುಗೆಮನೆಯಿಂದ ಎತ್ತಿ ಬಸ್ಸಿನಲ್ಲಿ ಕೂರಿಸಿದ್ದು ನನ್ನಂಥ ಯಾರೋ ಒಬ್ಬ.

ನಾನು ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದೆ ಅನ್ನುವುದು ನಿನಗೆ ಗೊತ್ತು. ಆದರೆ ಆ ಕೆಲಸ ಏನು ಅಂತ ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಟೆಂಟ್‌ನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ಪೇಟೆಯ ಥಿಯೇಟರಿನಲ್ಲಿ ಎರಡಿರುತ್ತಿದ್ದವು. ಒಂದರಲ್ಲಿ ರೀಲು ಮುಗಿಯುವಾಗ ಇನ್ನೊಂದು ಶುರುವಾಗುತ್ತಿತ್ತು, ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ನಮ್ಮಲ್ಲಿ ರೀಲು ಮುಗಿದರೆ ಲೈಟು ಹಾಕಬೇಕಿತ್ತು. ಹಾಗಾಗಿ ಒಂದು ಸಿನಿಮಾಕ್ಕೆ ಮೂರು ನಾಲ್ಕು ಇಂಟರ್ವಲ್. ಕಡಲೆಕಾಯಿ ಮಾರುವವನಿಗೆ ಸುಗ್ಗಿ. ಸಂಜೆ ಕತ್ತಲಾಗುವ ಹೊತ್ತಿಗೆ ಘಂಟಸಾಲರ 'ನಮೋ ವೆಂಕಟೇಶಾ' ಹಾಕಿದರೆ ಸುತ್ತಲ ಹಳ್ಳಿಯವರೆಲ್ಲ ದಾಪುಗಾಲು ಹಾಕುತ್ತಿದ್ದರು. ಆಮೇಲೆ ಸರ್ಕಾರದ ವಾರ್ತಾಚಿತ್ರ, ಆಮೇಲೆ ಸಿನಿಮಾ. ನೆಲ, ಬೆಂಚು, ಕುರ್ಚಿ ಅಂತ ಮೂರು ಕ್ಲಾಸು. ನಿಮ್ಮಮ್ಮ ನನ್ನ ಹೆಸರು ಹೇಳಿಕೊಂಡು ಪುಕ್ಕಟೆ ಬಂದು ಕುರ್ಚಿಯಲ್ಲೇ ಕೂರುತ್ತಿದ್ದಳು.

ಪ್ರಿಂಟು, ಅಂದರೆ ಸಿನಿಮಾದ ಫಿಲ್ಮಿನ ಪ್ರತಿ, ನಮ್ಮಂಥ ಟೆಂಟಿಗೆ ಬರುವ ಹೊತ್ತಿಗೆ ಬೆಂಗಳೂರು, ಮೈಸೂರು, ಶಿವಮೊಗ್ಗ ಎಲ್ಲ ಸುತ್ತಿ ಸುಸ್ತಾಗಿರುತ್ತಿತ್ತು. ಪರದೆ ತುಂಬ ಗೆರೆ. 'ಮಳೆ ಹೊಯ್ತಾ ಇದೆ' ಅನ್ನುತ್ತಿದ್ದರು ಜನ. ಹಲ್ಲುಚಕ್ರಕ್ಕೆ ಸಿಕ್ಕಿ ಫಿಲ್ಮು ಪಟ್ ಅಂತ ತುಂಡಾಗುತ್ತಿತ್ತು. ಕೂಡಲೇ ಶಿಳ್ಳೆ, ಕೂಗಾಟ. ನಾನು ಹರಿದ ತುದಿಗಳನ್ನು ಕತ್ತರಿಸಿ, ಒಂದು ತುದಿಗೆ ಉಗುಳು ಹಚ್ಚಿ, ಬ್ಲೇಡಿನಿಂದ ಅದರ ಮೇಲಿನ ಪದರ ಕೆರೆದು, ಸಿಮೆಂಟ್ ಅಂತ ಕರೆಯುತ್ತಿದ್ದ ಅಂಟು ಹಚ್ಚಿ, ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇಪ್ಪತ್ತು ಎಣಿಸುತ್ತಿದ್ದೆ. ಒಂದೊಂದು ಸಲ ಹಾಗೆ ಅಂಟಿಸಿದಾಗಲೂ ಫಿಲ್ಮಿನ ಮೇಲಿನ ಎರಡೋ ಮೂರೋ ಚಿತ್ರ, ಅಂದರೆ ಫ್ರೇಮು, ಕಸದ ಡಬ್ಬಿಗೆ. ಸೆಕೆಂಡಿಗೆ 24 ಚಿತ್ರ ಓಡುತ್ತವೆ, ಎರಡು ಹೋದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದೇ ಪ್ರಿಂಟು ಐವತ್ತು ಊರಲ್ಲಿ ಹರಿದಿದ್ದರೆ?

ಇದು ಬರೀ ಸವಕಲಿನ ಕಥೆ. ಇನ್ನೊಂದು ಇದೆ, ಅದು ನನ್ನ ತಪ್ಪು.

ಒಂದು ಸಿನಿಮಾ ಬಂತು. ಹೆಸರು ಹೇಳುವುದಿಲ್ಲ, ನಾಚಿಕೆ. ಹಾಡು ಕಮ್ಮಿ, ಹೊಡೆದಾಟ ಇಲ್ಲವೇ ಇಲ್ಲ. ಮೊದಲ ದಿನವೇ ನೆಲದವರು ಎದ್ದು ಹೋಗಲು ಶುರುಮಾಡಿದರು. ಕೊನೇ ಬಸ್ಸು ಒಂಬತ್ತೂ ಕಾಲಿಗೆ. ಮಾಲೀಕರು ಮೇಲೆ ಬಂದು, "ಏನೋ ಇದು, ನೀರು ಸೇದ್ತಾಳೆ ಸೇದ್ತಾಳೆ ಮುಗಿಯೋದೇ ಇಲ್ವಲ್ಲೋ. ಒಂದು ಹತ್ತು ನಿಮಿಷ ಕಮ್ಮಿ ಮಾಡು" ಅಂದರು. ನಿಮಿಷಕ್ಕೆ 90 ಅಡಿ ಲೆಕ್ಕ. ಮಾರನೇ ಬೆಳಿಗ್ಗೆ ನಾನು ಎಲ್ಲೆಲ್ಲಿ 'ಏನೂ ನಡೆಯುವುದಿಲ್ಲ' ಅನ್ನಿಸಿತೋ ಅಲ್ಲೆಲ್ಲ ಕತ್ತರಿ ಹಾಕಿ 900 ಅಡಿ ತೆಗೆದೆ. ಬಾವಿಕಟ್ಟೆಯಲ್ಲಿ ಒಬ್ಬಳು ನೀರು ಸೇದಿ, ಕೊಡ ತುಂಬಿಸಿ, ಎತ್ತದೆ ಸುಮ್ನೆ ನಿಲ್ಲುವ ಸೀನೂ ಅದರಲ್ಲಿತ್ತು. ಪ್ರಿಂಟಿನ ಪೆಟ್ಟಿಗೆ ವಾಪಸ್ ಕಳಿಸುವ ದಿನ ಎಲ್ಲ ಮತ್ತೆ ಜೋಡಿಸಬೇಕು ಅಂದುಕೊಂಡಿದ್ದೆ. ಬೆಳಗಿನ ಬಸ್ಸಿಗೆ ಅವಸರವಾಯಿತು. ತುಂಡುಗಳು ನನ್ನ ಟ್ರಂಕಿನಲ್ಲೇ ಉಳಿದವು.

ಆಮೇಲೆ ಅವು ಎಲ್ಲಿಗೆ ಹೋದವು ಗೊತ್ತಾ? ಬೀದಿಯ ಹುಡುಗರ ಕೈಗೆ. ಸುಟ್ಟುಹೋದ ಬಲ್ಬಿಗೆ ನೀರು ತುಂಬಿ, ಮುಂದೆ ಫಿಲ್ಮ್ ಹಿಡಿದು, ಹೊರಗಿನಿಂದ ಕನ್ನಡಿಯಲ್ಲಿ ಬಿಸಿಲು ಹಾಯಿಸಿ, ಬಿಳೀ ಪಂಚೆಯ ಮೇಲೆ ಸಿನಿಮಾ ತೋರಿಸುತ್ತಿದ್ದರು. ಟಿಕೆಟ್ಟಿಗೆ ಎರಡು ಗೋಲಿ. ನಿಮ್ಮಮ್ಮ ಅದನ್ನು ನೋಡಿ ಬಂದು, "ಅಣ್ಣ, ಇದು ಟೆಂಟಲ್ಲಿ ಇರ್ಲಿಲ್ವಲ್ಲೋ" ಅಂದಳು. ನಾನು ಮಾತು ತೇಲಿಸಿದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಸಿನಿಮಾ ತಾನಾಗೇ ಮರೆತು ಹೋಗುವುದಿಲ್ಲ. ಕೈಗಳು ಬೇಕಾಗುತ್ತವೆ. ಕತ್ತರಿಸುವ ಕೈ ಒಂದಾದರೆ, ಮಾರುವ ಕೈ ಇನ್ನೊಂದು. ಕಪ್ಪು-ಬಿಳುಪು ಪ್ರಿಂಟುಗಳಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಓಡದ ಸಿನಿಮಾಗಳ ಡಬ್ಬಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಿಬಿಟ್ಟವರಿದ್ದಾರೆ. ಉಳಿದದ್ದಕ್ಕೆ ಸೆಕೆ, ತೇವ. ಹಾಳಾದ ಡಬ್ಬದ ಮುಚ್ಚಳ ತೆಗೆದರೆ ಮೂಗಿಗೆ ವಿನೆಗರ್ ವಾಸನೆ ರಪ್ ಅಂತ ಹೊಡೆಯುತ್ತದೆ. ಅದಕ್ಕೂ ಹಿಂದಿನ ಕಾಲದ ನೈಟ್ರೇಟ್ ಫಿಲ್ಮು ಒಂದು ಕಿಡಿ ಸೋಕಿದರೂ ಧಗ್ ಅನ್ನುತ್ತಿತ್ತು. 2003ರಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಅಂಥ ಎಷ್ಟೋ ಹಳೇ ಚಿತ್ರಗಳು ಹೋದವು. ನಮ್ಮ ಕನ್ನಡದ ಮೊದಲ ಟಾಕಿ, ಅಂದರೆ ಮಾತಿನ ಸಿನಿಮಾ, 'ಸತಿ ಸುಲೋಚನಾ', 1934ರದ್ದು, ಕೊಲ್ಹಾಪುರದಲ್ಲಿ ತೆಗೆದದ್ದು. ಸುಬ್ಬಯ್ಯನಾಯ್ಡು, ನಾಗೇಂದ್ರರಾವ್ ಅಂಥವರು ನಟಿಸಿದ್ದು. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ಒಂದು ಭಾಷೆ ಪರದೆಯ ಮೇಲೆ ಮೊದಲ ಸಲ ಮಾತಾಡಿದ್ದನ್ನು ಆ ಭಾಷೆಯವರೇ ಕೇಳುವ ಹಾಗಿಲ್ಲ. ಎಂಥ ಸಂಕಟ ನೋಡು.

ಇನ್ನೊಂದು ವಿಷಯ ನಾನು ಕೆಲಸ ಬಿಟ್ಟ ಮೇಲೆ ಯೋಚಿಸಿದ್ದು. ಆಗ ಸಿನಿಮಾವನ್ನು ಉಳಿಸುತ್ತಿದ್ದದ್ದು ರೇಡಿಯೋ. ಹಾಡು ಇದ್ದರೆ ಸಾಕು, ಆಕಾಶವಾಣಿ ಅದನ್ನು ಮನೆಮನೆಗೆ ಮುಟ್ಟಿಸುತ್ತಿತ್ತು. 1964ರ 'ನಾಂದಿ'ಯನ್ನೇ ತಗೋ. ಎನ್. ಲಕ್ಷ್ಮೀನಾರಾಯಣ್ ಅವರದ್ದು. ರಾಜ್‌ಕುಮಾರ್ ಅದರಲ್ಲಿ ಮೇಷ್ಟ್ರು, ಹರಿಣಿ ಕಿವಿ ಕೇಳದ, ಮಾತು ಬಾರದ ಹೆಂಡತಿ. ಪಿ.ಬಿ. ಶ್ರೀನಿವಾಸ್ ಅದರಲ್ಲಿ ಹಾಡಿದ ಜೋಗುಳ ನಿಮ್ಮಜ್ಜಿಗೂ ಬಾಯಿಪಾಠವಿತ್ತು. ಸಿನಿಮಾ ನೋಡಿದ್ದೀರಾ ಅಂದರೆ ಇಲ್ಲ. ಕಾಶೀನಾಥರ 'ಅಪರಿಚಿತ' (1978) ಕೂಡ ಹಾಗೇ. ವಾಣಿ ಜಯರಾಂ ಹಾಡಿದ್ದು ಇವತ್ತಿಗೂ ಆರ್ಕೆಸ್ಟ್ರಾಗಳಲ್ಲಿ ಬರುತ್ತೆ, ಅದು ಒಂದು ಕೊಲೆಯ ಸುತ್ತ ಹೆಣೆದ ಸಿನಿಮಾದ್ದು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಹಾಡೇ ಇಲ್ಲದವುಗಳ ಪಾಡು ಕೇಳಲೇಬೇಡ. ಶಂಕರ್‌ನಾಗ್ ಅಂದ ತಕ್ಷಣ ಎಲ್ಲರೂ ಆಟೋದ ಮಾತು ಎತ್ತುತ್ತಾರೆ. ಆದರೆ 1985ರಲ್ಲಿ ಅವರು 'ಆಕ್ಸಿಡೆಂಟ್' ತೆಗೆದರು. ದುಡ್ಡಿರುವವರ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹತ್ತಿಸುತ್ತಾನೆ, ಅಪ್ಪ ರಾಜಕಾರಣಿ. ಈ ಸುದ್ದಿಯನ್ನು ನೀನು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ಹೇಳು. ಇಳಯರಾಜಾ ಸಂಗೀತ ಕೊಟ್ಟರೂ ಅದರಲ್ಲಿ ಹಾಡಿಲ್ಲ. ರೇಡಿಯೋದವರು ಹಾಕುವುದಾದರೂ ಏನನ್ನು?

ಸರಿ, ಈಗ ಮಾವನ ಬುದ್ಧಿಮಾತು. ನೀನು ಕೇಳದಿದ್ದರೂ ಹೇಳುತ್ತೇನೆ.

ಮೊದಲನೆಯದು, ಒಂದೂವರೆ ಸ್ಪೀಡಿನಲ್ಲಿ ನೋಡುತ್ತೇನೆ ಅಂದೆಯಲ್ಲ, ಅದನ್ನು ಬಿಡು. ನಾನು ಕತ್ತರಿಯಲ್ಲಿ ಮಾಡಿದ್ದನ್ನೇ ನೀನು ಬೆರಳಲ್ಲಿ ಮಾಡುತ್ತಿದ್ದೀಯ. ಕಾರ್ನಾಡರ 'ಕಾಡು' (1973) ಒಂದು ಸಂಜೆ ಪೂರ್ತಿ ಇಟ್ಟುಕೊಂಡು ನೋಡು. ಶ್ರೀಕೃಷ್ಣ ಆಲನಹಳ್ಳಿಯವರ ಕಥೆ. ದೊಡ್ಡವರ ಜಗಳವನ್ನೆಲ್ಲ ಒಬ್ಬ ಚಿಕ್ಕ ಹುಡುಗ ಕಣ್ಣು ಬಿಟ್ಟುಕೊಂಡು ನೋಡುತ್ತಾನೆ. ಅದನ್ನು ಸ್ಪೀಡಾಗಿ ಓಡಿಸಿದರೆ ಆ ಹುಡುಗನ ಭಯ ನಿನಗೆ ತಟ್ಟುವುದೇ ಇಲ್ಲ. ಕ್ಯಾಮೆರಾ ಗೋವಿಂದ ನಿಹಲಾನಿ ಅವರದ್ದು, ಮುಂದೆ ಹಿಂದಿಯಲ್ಲಿ ದೊಡ್ಡ ನಿರ್ದೇಶಕರಾದರಲ್ಲ, ಅವರೇ.

ಹಾಗಂತ ಮರೆತದ್ದೆಲ್ಲ ಚಿನ್ನ ಅಂದುಕೊಳ್ಳಬೇಡ. ಹಳೇ ಅಕ್ಕಿ ಅಂದ ಮಾತ್ರಕ್ಕೆ ಎಲ್ಲ ಅನ್ನವೂ ಉದುರುದುರಾಗಿ ಬರುವುದಿಲ್ಲ, ನುಸಿ ಹಿಡಿದದ್ದೂ ಇರುತ್ತೆ. ಗಂಡ ಹೆಂಡತಿಯ ಕಪಾಳಕ್ಕೆ ಹೊಡೆಯುವುದು, ಅವಳು ಕಾಲಿಗೆ ಬೀಳುವುದು, ನೆಲದವರು ಶಿಳ್ಳೆ ಹೊಡೆಯುವುದು. ಇಂಥವನ್ನು ನಾನು ಸಾವಿರ ಸಲ ಓಡಿಸಿದ್ದೇನೆ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ. ನಿನಗೆ ಸಿಟ್ಟು ಬಂದರೆ ಸಿಟ್ಟು ಮಾಡಿಕೋ. 'ಆ ಕಾಲ ಹಾಗಿತ್ತು' ಅಂತ ಯಾರಾದರೂ ಹೇಳಿದರೆ, ಅದೇ ಕಾಲದಲ್ಲಿ ಲಂಕೇಶರು ಹೆಣ್ಣಿನ ಕಡೆಯಿಂದ ಕಥೆ ಹೇಳಿ 'ಪಲ್ಲವಿ' ತೆಗೆದಿದ್ದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು ಅಂತ ಹೇಳು. ಆಮೇಲೆ ಪ್ರೇಮಾ ಕಾರಂತರ 'ಫಣಿಯಮ್ಮ' ಇದೆ, 1983ರದ್ದು. ಅದನ್ನು ನಿಮ್ಮಮ್ಮನ ಜೊತೆ ನೋಡು, ಒಬ್ಬಳೇ ಬೇಡ.

ಸಿನಿಮಾ ಎಗರಿದರೆ ಕೂಡಲೇ ಡೈರೆಕ್ಟರನ್ನು ಬೈಯಬೇಡ. ಅದೇ ಸಿನಿಮಾದ ಇನ್ನೊಂದು ಕಾಪಿ ಬೇರೆ ಕಡೆ ಸಿಗುತ್ತಾ ಹುಡುಕು. ಟೀವಿಯವರು ಜಾಹೀರಾತಿಗೆ ಕತ್ತರಿಸಿದ್ದು ಒಂದು, ಕ್ಯಾಸೆಟ್‌ನವರು ಕತ್ತರಿಸಿದ್ದು ಒಂದು. ಕಥೆ ಕಾದಂಬರಿಯಿಂದ ಬಂದದ್ದಾದರೆ ಪುಸ್ತಕ ತೆಗೆದು ನೋಡು. 'ಅಬಚೂರಿನ ಪೋಸ್ಟಾಫೀಸು' ನೋಡುವ ಮುಂಚೆಯೋ ಆಮೇಲೋ ತೇಜಸ್ವಿಯವರ ಕಥೆ ಓದು, ಬರೀ ಅರ್ಧ ಗಂಟೆಯ ಕೆಲಸ. ಮತ್ತೆ ವಯಸ್ಸಾದವರನ್ನು ಕೇಳು. ಬೇಗ ಕೇಳು. ಪಕ್ಕದ ಬೀದಿಯಲ್ಲಿ ಒಬ್ಬರಿದ್ದರು, ಆಗಿನ ಹಾಡಿನ ಪುಸ್ತಕಗಳನ್ನೆಲ್ಲ ಒಂದೂ ಬಿಡದೆ ಜೋಡಿಸಿಟ್ಟಿದ್ದರು. ಅದರಲ್ಲಿ ಕಥಾಸಾರಾಂಶ ಇರುತ್ತಿತ್ತು, 'ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ' ಅಂತ ಮುಗಿಯುತ್ತಿತ್ತು. ಅವರು ಹೋದ ಮೇಲೆ ಮನೆಯವರು ರದ್ದಿಗೆ ಹಾಕಿದರು. ನಾನು ಹೋಗಿ ಕೇಳುವಷ್ಟರಲ್ಲಿ ಗಾಡಿ ಹೋಗಿಯಾಗಿತ್ತು.

ಎಲ್ಲ ಹಾಳಾಯಿತು ಅಂತಲೂ ಅಲ್ಲ. ಕಾಸರವಳ್ಳಿಯವರ 'ಘಟಶ್ರಾದ್ಧ' 1977ರದ್ದು. ಅದನ್ನು ಒಂದೊಂದೇ ಫ್ರೇಮು ತೊಳೆದು ಸರಿಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ನಾನು ಅದನ್ನು ಮೊದಲು ನೋಡಿದ್ದು ದೂರದರ್ಶನದಲ್ಲಿ, ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಹಾಕುತ್ತಿದ್ದರಲ್ಲ, ಆಗ. ಅರ್ಧ ಸಿನಿಮಾಕ್ಕೆ ಕರೆಂಟು ಹೋಯಿತು. ಅದರಲ್ಲಿ ಬರುವ ಯಮುನಕ್ಕ ಹುತ್ತಕ್ಕೆ ಕೈ ಹಾಕಿದ್ದೇ ಕೊನೆ. ಕರೆಂಟು ಬಂದಾಗ ಅವಳ ತಲೆ ಬೋಳಿಸಿ ಕೂರಿಸಿದ್ದರು. ನಡುವೆ ಏನಾಯಿತು ಅಂತ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ನಾನು ಬೇರೆಯವರಿಗೆ ಮಾಡಿದ್ದು ನನಗೇ ಬಂತು ಅಂದುಕೊಂಡೆ.

ಕೊನೆಗೊಂದು ಹೇಳಿಬಿಡುತ್ತೇನೆ. ನಿನ್ನ ಮೆಸೇಜ್ ಕೇಳಿದ ಮೇಲೆ ಪಕ್ಕದ ಮನೆ ಹುಡುಗನನ್ನು ಕರೆದು, ಆ ನಾಚಿಕೆಯ ಸಿನಿಮಾವನ್ನು ಫೋನಿನಲ್ಲಿ ಹುಡುಕಿಸಿದೆ. ಸಿಕ್ಕಿತು. ಪ್ರಿಂಟಿನಲ್ಲಿ ಮಳೆಯೋ ಮಳೆ. ಕನ್ನಡಕ ಒರೆಸಿಕೊಂಡು ಕೂತೆ. ಬಾವಿಕಟ್ಟೆ ಬಂತು. ಅವಳು ನೀರು ಸೇದಿದಳು, ಕೊಡ ತುಂಬಿಸಿದಳು, ಎತ್ತದೆ ನಿಂತಳು. ಪೂರ್ತಿ ಇತ್ತು ಪುಟ್ಟಿ. ಆಗ ಅಷ್ಟುದ್ದ ಅನ್ನಿಸಿದ್ದು ಗಡಿಯಾರ ನೋಡಿದರೆ ಬರೀ ಒಂದೂ ಮುಕ್ಕಾಲು ನಿಮಿಷ. ಇನ್ನೊಂದು ಹತ್ತು ನಿಮಿಷ ಆದ ಮೇಲೆ, ಅವಳು ಗಂಡನ ಜೊತೆ ಮಾತಾಡುವ ಕಡೆ, ಚಕ್ ಅಂತ ಎಗರಿತು. ಅಲ್ಲಿ ನಾನು ಕೈ ಹಾಕಿರಲಿಲ್ಲ. ಬೇರೆ ಯಾವುದೋ ಊರು, ಬೇರೆ ಯಾವುದೋ ಕೊನೇ ಬಸ್ಸು.

ಗಂಡ ಏನಂದ ಅಂತ ನಿಮ್ಮಮ್ಮನಿಗೆ ಫೋನ್ ಮಾಡಿ ಕೇಳಿದೆ. ಆ ಮಾತು ನಮ್ಮ ಟೆಂಟ್‌ನಲ್ಲಿ ಇತ್ತಂತೆ, ಅವಳಿಗೆ ಚೆನ್ನಾಗಿ ನೆನಪಿದೆಯಂತೆ. ಆದರೆ ನನಗೆ ಹೇಳುವುದಿಲ್ಲವಂತೆ. ಐವತ್ತು ವರ್ಷದ ಹಿಂದೆ ಮಾತು ತೇಲಿಸಿದ್ದಕ್ಕೆ ಈಗ ಸೇಡು. ನೀನು ಕೇಳಿದರೆ ಹೇಳಿಯಾಳು, ಕೇಳಿ ಬರೆದಿಟ್ಟುಕೋ.

ದೀಪಾವಳಿಗೆ ಬರುವಾಗ ಲ್ಯಾಪ್‌ಟಾಪ್ ತಾ. ಅತ್ತೆ ಕೋಡುಬಳೆ ಮಾಡುತ್ತಾಳೆ. ನಡುಮನೆಯ ಗೋಡೆಗೆ ಸುಣ್ಣ ಹೊಡೆಸಿದ್ದೇನೆ, ಪರದೆ ಬೇಕಾಗಿಲ್ಲ.

ಇಂತಿ ನಿನ್ನ ಪ್ರೀತಿಯ
ಮಾವ