ಮಗಳಿಗೊಂದು ಪತ್ರ: ಹಕ್ಕಿ ಕರೆದೊಯ್ಯುವವಳಿಗೆ

ಅವ್ವಾ,

ಶೇಂಗಾ ಚಟ್ನಿ ಡಬ್ಬಿಯ ಕೆಳಗೆ ಈ ಕಾಗದ ಇಟ್ಟಿದ್ದೇನೆ. ಆಸ್ಟ್ರಿಯಾ ಮುಟ್ಟಿದ ಮೇಲೆ ಓದು.

ನಿನ್ನೆ ಊಟದ ಹೊತ್ತಿಗೆ, ಹಕ್ಕಿಗಳಿಗೆ ದಾರಿ ತೋರಿಸುವ ಆ ಕೆಲಸಕ್ಕೆ ಹೋಗಬೇಡ ಅಂದೆನಲ್ಲ, ಅನ್ನಬಾರದಿತ್ತು. ನೀನು ಎದ್ದು ಹೋದ ಮೇಲೆ ಆ ಕೆಲಸದ ವಿಡಿಯೊ ನೋಡಿದೆ. ಹಳದಿ ಅಂಗಿಯ ಹುಡುಗಿ ಬೋಳುತಲೆಯ ಐಬಿಸ್ ಹಕ್ಕಿಯ ಮರಿಗಳಿಗೆ ಉಗುಳು ಹಚ್ಚಿ ತುತ್ತು ಕೊಡುತ್ತಾಳಲ್ಲ, ನಿನ್ನ ಅಜ್ಜಿಯೂ ರೊಟ್ಟಿ ಅಗಿದು ನಿನಗೆ ಹಾಗೇ ಕೊಡುತ್ತಿದ್ದಳು. ಆಮೇಲೆ ಚಳಿಗಾಲಕ್ಕೆ ವಲಸೆ ಹೋಗುವ ದಾರಿ ತೋರಿಸಲು ಅದೇ ಹುಡುಗಿ ಪುಟ್ಟ ವಿಮಾನದಲ್ಲಿ ಕೂತು ಕರೆಯುತ್ತಾಳೆ, ಹಕ್ಕಿಗಳು ಬೆನ್ನು ಹತ್ತುತ್ತವೆ. ಮೊದಲು ಇಟಲಿಯ ಟಸ್ಕನಿಗೆ, 2023ರಿಂದ ಸ್ಪೇನಿಗೆ. ನೀನು ಟೆಂಟು ಹೊಡೆಯುವ ಕೆಲಸಕ್ಕಾದರೂ ಸರಿ, ಹೋಗು.

ಆದರೆ ಆ ವಿಡಿಯೊದಲ್ಲಿ ನನಗೆ ಕಂಡದ್ದು ಕರೆಂಟು ಕಂಬಗಳೇ. ನಿನಗೆ ಆಗ ಏಳು ವರ್ಷ. ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗದಗ ಕಡೆಯ ಮಾಗಡಿ ಕೆರೆಗೆ ಹೋಗುವಾಗ, ಹೆಬ್ಬಾತಿನ ಮರಿಗಳಿಗೆ ಹಿಮಾಲಯ ದಾಟುವ ದಾರಿಯನ್ನು ಅಪ್ಪ-ಅವ್ವ ತೋರಿಸುತ್ತವೆ ಅಂತ ನಾನೇ ಹೇಳಿದ್ದೆ. ಶೇಂಗಾ ಹೊಲದ ಬದುವಿನಲ್ಲಿ, ತಂತಿಯ ಕೆಳಗೆ, ಒಂದು ಪಟ್ಟೆತಲೆ ಹೆಬ್ಬಾತು ಬಿದ್ದಿತ್ತು. ಬಿಳಿ ತಲೆಯ ಎರಡು ಕರಿ ಪಟ್ಟೆ ಹಾಗೇ ಇದ್ದವು, ಒಂದು ರೆಕ್ಕೆ ಮಾತ್ರ ಮಡಚಿರಲಿಲ್ಲ. "ಮಲಗೈತಿ" ಅಂದೆ. "ಅದರ ಮಕ್ಕಳಿಗೆ ದಾರಿ ಯಾರು ತೋರಸ್ತಾರ?" ಅಂತ ಕೇಳಿದ್ದು ನೀನು. ನಾನು ಸೈಕಲ್ ತಿರುಗಿಸಿದೆ. ಬದುವಿನಿಂದ ಡಾಂಬರು ರಸ್ತೆಗೆ ಬರುವವರೆಗೂ ನೀನು ಹಿಂದೆ ತಿರುಗಿ ನೋಡುತ್ತಿದ್ದೆ, ನಾನು ನೋಡಲಿಲ್ಲ. ಆ ಲೈನ್ ಎಳೆದವರಲ್ಲಿ ನಾನೂ ಒಬ್ಬ. ಇಷ್ಟು ವರ್ಷ ಹೇಳಲಿಲ್ಲ.

ನೀನು ಹೋಗುವಲ್ಲಿಯೂ ಆ ಐಬಿಸ್ ಹಕ್ಕಿಗಳನ್ನು ಹೆಚ್ಚಾಗಿ ಕೊಲ್ಲುವುದು ಕಳ್ಳಬೇಟೆ ಮತ್ತು ಕರೆಂಟು. ಕೇಳು, ಬರೀ ತಂತಿ ಮೇಲೆ ಕೂತರೆ ಏನೂ ಆಗುವುದಿಲ್ಲ. ಕಂಬದ ಕಬ್ಬಿಣದ ಅಡ್ಡಪಟ್ಟಿ ಮೇಲೆ ಕೂತು ರೆಕ್ಕೆ ತಂತಿಗೆ ತಾಗಿದರೆ ಕರೆಂಟು ಅದರ ಮೈಯಿಂದಲೇ ನೆಲಕ್ಕೆ ಹರಿಯುತ್ತದೆ. ದೊಡ್ಡ ಹಕ್ಕಿಗೇ ಅಪಾಯ ಹೆಚ್ಚು. ಇಳಿಯುವ ಜಾಗದ ಸುತ್ತಲಿನ ಕಂಬ ನೋಡಿಡು. ಕಂಬದ ಮೇಲೆ ತಂತಿಗಳನ್ನು ಜೋಡಿಸುವ ತುಂಡು ತಂತಿಗೆ, ಅಂದರೆ ಜಂಪರಿಗೆ, ಹೊದಿಕೆ ಹಾಕಿದ್ದಾರಾ ಅಂತ ಕೇಳು. ಹೊಸಬಳು ಅಂತ ಸುಮ್ಮನಿರಬೇಡ. ನೀನೇ ಕಂಬ ಹತ್ತಲೂಬೇಡ. ಚಳಿಗೆ ಎರಡು ಕಾಲುಚೀಲ ಹಾಕು. ನೋಡು, ಮತ್ತೆ ಶುರು ಮಾಡಿದೆ.

ನೀನು ಗುರುತು ಹಾಕಿದ್ದ ಆ ಸಾಲು ಓದಿದೆ. ಗೋಯಾ ಎಂಬ ಹೆಣ್ಣು ಹಕ್ಕಿ 2011ರಲ್ಲಿ ಟಸ್ಕನಿಯಿಂದ ಜರ್ಮನಿಯ ಬವೇರಿಯಾಕ್ಕೆ ತಾನಾಗಿಯೇ ಮರಳಿತಂತೆ. ಹೋಗುವ ದಾರಿಯನ್ನಷ್ಟೇ ತೋರಿಸಿದ್ದರಂತೆ. ನಿಮ್ಮವ್ವ ಅದನ್ನು ಎರಡು ಸಲ ಓದಿಸಿಕೊಂಡಳು. ಏನೂ ಅನ್ನಲಿಲ್ಲ. ಮುಚ್ಚಿದ್ದ ಡಬ್ಬಿ ತೆಗೆದು ಇನ್ನೊಂದಿಷ್ಟು ಚಟ್ನಿ ಒತ್ತಿ ತುಂಬಿದಳು.

ನಿನ್ನ ಅಪ್ಪ